ಮುಟ್ಟಿ ಕಲಿಯೋ ಕೂಸಿಗೆ ಮುಟ್ಟಬೇಡ ಅಂದವರು

(ಕೆರಗೋಡಿನಲ್ಲಿ ವಿದ್ಯಾರ್ಥಿಗಳು ಮತ್ತು ಹಾಸ್ಟೆಲ್ ಗೆಳೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಸಭೆ ಅಂದ ಮೇಲೆ ಭೂಮಿ, ಕೂಲಿ, ಮೀಸಲಾತಿ, ಸ್ಕಾಲರ್‌ಶಿಪ್ಪು ಇವುಗಳ ಮೇಲೆ ಮಾತಾಡೋದು ನಮ್ಮ ರೂಢಿ. ಇವತ್ತು ಕೆರಗೋಡಿಗೆ ಬಂದು, ಐದಾರು ವರ್ಷದೊಳಗಿನ ಕೂಸುಗಳ ಬುದ್ಧಿ ಹೇಗೆ ಬೆಳೀತದೆ ಅನ್ನೋದರ ಮೇಲೆ ಮಾತಾಡ್ತೀವಿ ಅಂದಾಗ ಹಿಂದಿನ ಸಾಲಿನಲ್ಲಿ ಒಂದಿಬ್ಬರು ನಕ್ಕರು. ನಗಲಿ, ತಪ್ಪಿಲ್ಲ. ಕೂಸಿನ ವಿಚಾರ ಹೆಂಗಸರ ವಿಚಾರ, ಚಳವಳಿಯ ವಿಚಾರ ಅಲ್ಲ ಅಂತ ನಾವೂ ಬಹಳ ಕಾಲ ತಿಳಿದಿದ್ದೆವು.

ಈ ಮಾತು ಯಾಕೆ ಬಂತು ಅಂತ ಮೊದಲು ಹೇಳಿಬಿಡ್ತೀವಿ. ಹಾಸ್ಟೆಲುಗಳಿಗೆ ಹೋದಾಗಲೆಲ್ಲ ನಮ್ಮ ಕಿವಿಗೆ ಬೀಳುವ ಮಾತೊಂದಿದೆ. 'ಗಣಿತ ನಮ್ ತಲೆಗೆ ಹತ್ತಲ್ಲ ಸಾರ್', 'ಇಂಗ್ಲಿಷು ನಮ್ಮಂತೋರಿಗೆ ಬರಲ್ಲ ಸಾರ್'. ಹೇಳುವ ಹುಡುಗ ಹದಿನಾರು ಹದಿನೇಳರವನು. ಯಾವ ತೂಬು ತೆಗೆದರೆ ಯಾವ ಗದ್ದೆಗೆ ಎಷ್ಟು ಹೊತ್ತಿಗೆ ನೀರು ಹಾಯ್ತದೆ ಅಂತ ಕಣ್ಣಳತೆಯಲ್ಲೇ ಹೇಳಬಲ್ಲ. ಕೆಟ್ಟ ಮೊಬೈಲು ಬಿಚ್ಚಿ ಜೋಡಿಸಬಲ್ಲ. ಆದರೂ ತನಗೆ ತಲೆ ಇಲ್ಲ ಅಂತ ತಾನೇ ಸರ್ಟಿಫಿಕೇಟು ಕೊಟ್ಟುಕೊಂಡು ಕೂತಿದ್ದಾನೆ. ಈ ಸರ್ಟಿಫಿಕೇಟಿಗೆ ಸೀಲು ಒತ್ತಿದವರು ಯಾರು, ಯಾವ ವಯಸ್ಸಿನಲ್ಲಿ ಒತ್ತಿದರು ಅಂತ ಹುಡುಕುತ್ತಾ ಹೋದರೆ ಅದು ಹೈಸ್ಕೂಲಿನಲ್ಲಿ ನಿಲ್ಲಲ್ಲ, ಒಂದನೇ ಕ್ಲಾಸಿನಲ್ಲೂ ನಿಲ್ಲಲ್ಲ. ಅದಕ್ಕೂ ಹಿಂದೆ, ಮರಕ್ಕೆ ಕಟ್ಟಿದ ಸೀರೆ ತೊಟ್ಟಿಲ ತನಕ ಹೋಗ್ತದೆ.

ಬುದ್ಧಿ ರಕ್ತದಲ್ಲಿ ಬರ್ತದೆ ಅನ್ನೋದು ಊರಿನವರ ವಾದ. ಹಿಂದೆ ಇದನ್ನು ಪೂರ್ವಜನ್ಮದ ಕರ್ಮ ಅಂತಿದ್ದರು, ಈಗ ಮೆರಿಟ್ ಅಂತಾರೆ. ಹೆಸರು ಬದಲಾಯಿತು, ಸರಕು ಅದೇ. ಬುದ್ಧಿಯನ್ನು ಅಳೆಯುವ ಪರೀಕ್ಷೆಯನ್ನು 1905ರಲ್ಲಿ ರೂಪಿಸಿದವನು ಫ್ರಾನ್ಸಿನ ಆಲ್ಫ್ರೆಡ್ ಬಿನೆ. ಶಾಲೆಯಲ್ಲಿ ಯಾವ ಮಗುವಿಗೆ ಹೆಚ್ಚಿನ ನೆರವು ಬೇಕು ಅಂತ ತಿಳಿಯೋದಕ್ಕೆ ಆತ ಅದನ್ನು ಮಾಡಿದ. ಬುದ್ಧಿ ಹುಟ್ಟುವಾಗಲೇ ಅಳೆದು ತುಂಬಿದ ಕೊಳಗ, ಅದು ಹೆಚ್ಚಲ್ಲ ಅಂತ ಹೇಳುವವರ ವಿರುದ್ಧ ಆತನೇ ಬರೆದಿದ್ದ. 1911ರಲ್ಲಿ ಆತ ಸತ್ತ. ಆಮೇಲೆ ಅಮೆರಿಕದ ಕೆಲವು ಪಂಡಿತರು ಅದೇ ಅಳತೆಗೋಲನ್ನು ಎತ್ತಿಕೊಂಡು ಕರಿಯರು ದಡ್ಡರು, ವಲಸೆ ಬಂದ ಬಡವರು ದಡ್ಡರು ಅಂತ ಸಾಧಿಸಲು ಹೊರಟರು. ನೆರವಿಗೆ ಮಾಡಿದ ಕೋಲು ಹೊಡೆಯೋ ಕೋಲಾಯಿತು.

ಹುಟ್ಟಿನಿಂದ ಏನೂ ಬರಲ್ಲ ಅಂತ ನಾವು ಹೇಳ್ತಿಲ್ಲ. ಒಂದೇ ತಾಯಿ ಮಕ್ಕಳಲ್ಲಿ ಒಬ್ಬ ಚುರುಕು, ಒಬ್ಬ ನಿಧಾನ ಇರಬಹುದು. ಆದರೆ ಅದು ಜಾತಿ ನೋಡಿ ಹಂಚಿಕೆ ಆಗಲ್ಲ. ಮಂಡ್ಯದ ಸೀಮೆಯವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಚೀಲದ ಬಿತ್ತನೆ ಬತ್ತವನ್ನು ವಿಶ್ವೇಶ್ವರಯ್ಯ ನಾಲೆಯ ತಲೆಯಲ್ಲಿರೋ ಗದ್ದೆಗೆ ಅರ್ಧ, ನಾಲೆಯ ಕೊನೆಯಲ್ಲಿರೋ ಗದ್ದೆಗೆ ಅರ್ಧ ಹಾಕಿ ನೋಡಿ. ಕೊನೆಯ ಗದ್ದೆಯ ಪೈರು ಕುಳ್ಳಾದರೆ ಬೀಜ ಕೆಟ್ಟದ್ದು ಅಂತ ಯಾವ ರೈತನೂ ಅನ್ನಲ್ಲ. ನೀರು ಯಾರು ತಿರುಗಿಸಿಕೊಂಡರು ಅಂತ ಕೇಳ್ತಾನೆ. ನಮ್ಮ ಮಕ್ಕಳ ವಿಚಾರಕ್ಕೆ ಬಂದಾಗ ಮಾತ್ರ ಅದೇ ರೈತ ಬೀಜದ ಮಾತಾಡ್ತಾನೆ.

ಈಗ ಮಿದುಳಿನ ಲೆಕ್ಕ ಕೇಳಿ. ಹುಟ್ಟಿದಾಗ ಕೂಸಿನ ಮಿದುಳು ದೊಡ್ಡವರ ಮಿದುಳಿನ ಸುಮಾರು ಕಾಲು ಭಾಗ. ಒಂದು ವರ್ಷದಲ್ಲಿ ಎರಡರಷ್ಟಾಗ್ತದೆ. ಮೂರು ತುಂಬುವ ಹೊತ್ತಿಗೆ ನೂರಕ್ಕೆ 80ರಷ್ಟು, ಐದರ ಹೊತ್ತಿಗೆ 90ರಷ್ಟು ಬೆಳೆದಿರ್ತದೆ. ಎಳೆಯ ಮೈ ಸುಡುವ ಶಕ್ತಿಯಲ್ಲಿ ಅರ್ಧಕ್ಕೆ ಹತ್ತಿರದಷ್ಟನ್ನು ಮಿದುಳು ಒಂದೇ ಎಳೆದುಕೊಳ್ತದೆ. ಅಂದರೆ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರು ಬೀಳೋದಕ್ಕೆ ಮೊದಲೇ ದೊಡ್ಡ ಕಟ್ಟಡ ಎದ್ದು ನಿಂತಿರ್ತದೆ. ಆ ಕಟ್ಟಡಕ್ಕೆ ಇಟ್ಟಿಗೆ ಯಾವುದು? ಅವ್ವ ಬಸುರಿಯಾಗಿದ್ದಾಗ ಉಂಡದ್ದು, ಕೂಸು ಉಂಡದ್ದು, ಕೂಸಿನ ಜೊತೆ ಆಡಿದ ಮಾತು, ಕೂಸು ಮುಟ್ಟಿದ ಸಾಮಾನು, ಕೂಸಿಗೆ ಸಿಕ್ಕ ನಿದ್ದೆ, ಕೂಸು ಪಟ್ಟ ಭಯ. ಇಷ್ಟೇ. ಇದರಲ್ಲಿ ದುಡ್ಡಿನಿಂದ ಬರೋದೂ ಇದೆ, ದುಡ್ಡಿಲ್ಲದೆ ಬರೋದೂ ಇದೆ, ಜಾತಿ ಕಿತ್ತುಕೊಂಡದ್ದೂ ಇದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದ ಬಗ್ಗೆ ಹೇಳಿದ್ದು ಇದು: ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನವರಲ್ಲಿ 65.5 ಮಂದಿಗೆ ರಕ್ತಹೀನತೆ. ಅದರ ಹಿಂದಿನ 2015-16ರ ಸಮೀಕ್ಷೆಯಲ್ಲಿ ಈ ರಕ್ತಹೀನತೆ 60.9 ಇತ್ತು. ಕಡಿಮೆ ಆಗಬೇಕಾದದ್ದು ಏರಿದೆ. ಮೂರರಲ್ಲಿ ಎರಡು ಕೂಸು. ಇದು ಎಲ್ಲಾ ಜಾತಿ ಸೇರಿಸಿದ ಲೆಕ್ಕ. ಕೇರಿಯ ಲೆಕ್ಕ ಎಲ್ಲಿ ನಿಲ್ತದೆ ಅನ್ನೋದನ್ನು ನೀವೇ ಊಹಿಸಿ.

ರಕ್ತ ಕಡಿಮೆ ಆದರೆ ಬುದ್ಧಿಗೇನು ಅಂತ ಕೇಳಬಹುದು. ಮಿದುಳಿನ ಒಳಗಿನ ನರದೆಳೆಗಳು ವೈರಿನ ಹಾಗೆ. ವೈರಿಗೆ ಮೇಲೊಂದು ಪ್ಲಾಸ್ಟಿಕ್ಕಿನ ಹೊದಿಕೆ ಇರ್ತದಲ್ಲ, ಹಾಗೆ ನರದೆಳೆಗೂ ಒಂದು ಹೊದಿಕೆ ಕಟ್ಟಬೇಕು. ಅದಕ್ಕೆ ಕಬ್ಬಿಣದಂಶ ಬೇಕು. ಕಬ್ಬಿಣ ಸಾಲದ ಕೂಸು ಹೇಗಿರ್ತದೆ ಗೊತ್ತಾ? ಕೂಗಲ್ಲ, ಹರಿದಾಡಲ್ಲ, ಕೂರಿಸಿದ ಕಡೆ ಕೂತಿರ್ತದೆ, ಅವ್ವನ ಸೆರಗು ಬಿಡಲ್ಲ. ನಾವೇನಂತೀವಿ? 'ಎಷ್ಟು ಸಾಧು ಕೂಸು ನೋಡಿ, ಇದ್ದದ್ದೇ ಗೊತ್ತಾಗಲ್ಲ' ಅಂತ ಹೊಗಳ್ತೀವಿ. ಗೆಳೆಯರೆ, ಎಂಟು ಹತ್ತು ತಿಂಗಳ ಕೂಸು ಇದ್ದದ್ದು ಗೊತ್ತಾಗದಿದ್ದರೆ ಅದು ಸಾಧುತನ ಅಂತ ಸುಮ್ಮನಿರಬೇಡಿ. ರಕ್ತ ಪರೀಕ್ಷೆಗೆ ಕರಕೊಂಡು ಹೋಗಿ.

ಆರು ತಿಂಗಳ ತನಕ ಅವ್ವನ ಹಾಲು ಸಾಕು. ಆಮೇಲೆ ಹಾಲಿನ ಜೊತೆಗೆ ಮೆತ್ತನೆ ಊಟ ಬೇಕು, ದಿನಕ್ಕೆ ಹಲವು ಸಲ, ಸ್ವಲ್ಪ ಸ್ವಲ್ಪ. ಆದರೆ ಆ ಹೊತ್ತಿಗೆ ಅವ್ವ ಕಬ್ಬು ಕಡಿಯೋಕೋ ನಾಟಿಗೋ ಹೋಗಿರ್ತಾಳೆ. ಕೂಸು ಏಳೆಂಟು ವರ್ಷದ ಅಕ್ಕನ ಕಂಕುಳಲ್ಲಿ. ಅಕ್ಕನ ಕೈಯಲ್ಲಿ ಐದು ರೂಪಾಯಿ ಪ್ಯಾಕೆಟ್ಟು. ಇಲ್ಲಿ ಒಂದು ಕೂಸಿನ ಮಿದುಳಲ್ಲ, ಎರಡು ಮಕ್ಕಳದ್ದು ನಿಂತುಹೋಯಿತು. ತಮ್ಮನದು ಊಟ ಇಲ್ಲದೆ, ಅಕ್ಕನದು ಸ್ಕೂಲು ತಪ್ಪಿ. ಈ ಸಭೆಯಲ್ಲಿ ಹುಡುಗಿಯರು ಯಾಕೆ ಇಷ್ಟು ಕಡಿಮೆ ಅಂತ ನಮಗೆ ನಾವೇ ಕೇಳಿಕೊಳ್ಳೋಣ. ನಮ್ಮನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವರು ಅವರು.

ಊಟದ ಬಗ್ಗೆ ಇನ್ನೊಂದು ಮಾತು. ನಮ್ಮ ಊಟದ ಬಗ್ಗೆ ನಮಗೇ ನಾಚಿಕೆ ಕಲಿಸಿದ್ದಾರೆ. ಹಾಸ್ಟೆಲಿಗೆ ಬಂದ ಮೇಲೆ ಮನೇಲಿ ಏನು ತಿಂತೀರಿ ಅಂದರೆ ಹುಡುಗರು ತಲೆ ತಗ್ಗಿಸ್ತಾರೆ. ರಾಗಿಯಲ್ಲಿರೋ ಸುಣ್ಣದಂಶ ಬಿಳಿ ಅಕ್ಕಿಯಲ್ಲಿ ಇಲ್ಲ. ಬಸ್ಸಾರಿನ ಸೊಪ್ಪು, ಗದ್ದೆ ಬದುವಿನ ಏಡಿ, ಈಲಿ, ಲಾವಣಿ ಹೇಳದೆ ಬಿಟ್ಟ ಬಾಡು, ಇವುಗಳಲ್ಲಿ ಮಿದುಳಿಗೆ ಬೇಕಾದ್ದು ತುಂಬಿದೆ. ಬಿ-12 ಅನ್ನೋ ಜೀವಸತ್ವ ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ ಸಿಗ್ತದೆ, ಸೊಪ್ಪು ಕಾಳಿನಲ್ಲಿ ಸಿಗಲ್ಲ. 2021ರಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡೋಕೆ ಹೊರಟಾಗ ಕೆಲವು ಮಠಾಧೀಶರು ಬೇಡ ಅಂದರು. ಅವರ ಮಕ್ಕಳ ಬಗ್ಗೆ ಅವರು ಹೇಳಲಿ ಅನ್ನೋಣ ಅಂದರೆ ಅವರಿಗೆ ಮಕ್ಕಳಿಲ್ಲ. ಹೋಗಲಿ ಬಿಡಿ.

ಕೇರಿಯ ಚರಂಡಿ, ಕುಡಿಯೋ ನೀರು, ಹೊಟ್ಟೆ ಹುಳು ಇವುಗಳನ್ನು ಉದ್ದ ಮಾಡಲ್ಲ. ತಿಂದದ್ದು ಮೈಗೆ ಹತ್ತೋದಕ್ಕೆ ಮೊದಲೇ ಭೇದಿಯಲ್ಲಿ ಹೋದರೆ ಮಿದುಳಿಗೆ ಏನು ಉಳೀತದೆ? ಚರಂಡಿ ಊರ ಕಡೆಯಿಂದ ಕೇರಿ ಕಡೆಗೇ ಯಾಕೆ ಇಳೀತದೆ ಅನ್ನೋ ಪ್ರಶ್ನೆ ಗ್ರಾಮ ಪಂಚಾಯತಿ ಪ್ರಶ್ನೆ ಮಾತ್ರ ಅಲ್ಲ, ಅದು ಬುದ್ಧಿಯ ಪ್ರಶ್ನೆಯೂ ಹೌದು ಅಂತ ಮಾತ್ರ ನೆನಪಿಡಿ.

ಈಗ ನಾವು ಹೇಳಬೇಕು ಅಂತ ಬಂದ ಮಾತು.

ಸ್ವಿಟ್ಜರ್ಲೆಂಡಿನಲ್ಲಿ ಜೀನ್ ಪಿಯಾಜೆ ಅಂತ ಒಬ್ಬ ಇದ್ದ. ತನ್ನ ಮೂರು ಮಕ್ಕಳ ಮುಂದೆ ಕೂತು, ಅವು ಏನು ಮಾಡ್ತವೆ ಅಂತ ದಿನಾ ಬರೆದಿಟ್ಟ. ಆತ ಕಂಡುಕೊಂಡದ್ದು: ಹುಟ್ಟಿದ ಮೊದಲ ಎರಡು ವರ್ಷ ಕೂಸು ತಲೆಯಿಂದ ಯೋಚಿಸಲ್ಲ, ಕೈಯಿಂದ ಯೋಚಿಸ್ತದೆ, ಬಾಯಿಂದ ಯೋಚಿಸ್ತದೆ. ಮುಟ್ಟೋದು, ಎಳೆಯೋದು, ಬೀಳಿಸೋದು, ಬಾಯಿಗೆ ಹಾಕೋದು, ಇದೇ ಅದರ ಯೋಚನೆ. ಹತ್ತು ತಿಂಗಳ ಕೂಸು ಲೋಟ ಎಸೀತದೆ. ಎತ್ತಿಕೊಟ್ಟರೆ ಮತ್ತೆ ಎಸೀತದೆ. 'ಎಷ್ಟು ಕೊಬ್ಬು ನೋಡು' ಅಂತೀವಿ. ಕೊಬ್ಬಲ್ಲ. ಪ್ರತಿ ಸಲವೂ ಕೆಳಕ್ಕೇ ಬೀಳ್ತದಾ, ಪ್ರತಿ ಸಲವೂ ಸದ್ದು ಬರ್ತದಾ, ಪ್ರತಿ ಸಲವೂ ಅವ್ವ ಎತ್ತಿಕೊಡ್ತಾಳಾ ಅಂತ ಅದು ಪರೀಕ್ಷೆ ಮಾಡ್ತಿದೆ. ನಿಮ್ಮ ಪಿ.ಯು.ಸಿ. ಲ್ಯಾಬಿನಲ್ಲಿ ನೀವು ಮಾಡೋದು ಅದೇ. ಪಿಯಾಜೆ ಹೇಳಿದ ಕೆಲವು ವಿಷಯಗಳನ್ನು ಆಮೇಲೆ ಬಂದವರು ತಿದ್ದಿದ್ದಾರೆ, ಕೂಸಿಗೆ ಆತ ತಿಳಿದದ್ದಕ್ಕಿಂತ ಬೇಗ ಬಹಳ ಗೊತ್ತಾಗ್ತದೆ ಅಂತ ತೋರಿಸಿದ್ದಾರೆ. ಆದರೆ ಮುಟ್ಟಿ ಕಲೀತದೆ ಅನ್ನೋದನ್ನು ಯಾರೂ ಅಲ್ಲಗಳೆದಿಲ್ಲ.

ಮುಟ್ಟಿ ಕಲಿಯೋದೇ ಬುದ್ಧಿಯ ಬೇರು ಆದರೆ, ಮುಟ್ಟೋದರ ಮೇಲೇ ಒಂದು ಶಾಸ್ತ್ರ ಕಟ್ಟಿದ ದೇಶದಲ್ಲಿ ಕೇರಿಯ ಕೂಸಿನ ಗತಿ ಏನು?

ಅವ್ವನ ಸೊಂಟದ ಮೇಲೆ ಕೂಸು ಊರೊಳಕ್ಕೆ ಹೋಗ್ತದೆ. ಅಂಗಡಿ ಮುಂದೆ ಮಿಠಾಯಿ ಡಬ್ಬಿ ಹೊಳೀತದೆ, ಕೈ ಚಾಚ್ತದೆ. 'ಮುಟ್ಬ್ಯಾಡ ಕಣ್ಲಾ.' ಗೌಡರ ಮನೆ ಜಗಲಿ ಮೇಲೆ ಬೆಕ್ಕಿದೆ, ಇಳಿದು ಓಡ್ತದೆ. 'ಹೋಗ್ಬ್ಯಾಡ ಕಣ್ಲಾ.' ಬೋರಿನ ನಲ್ಲಿ ತೊಟ್ಟಿಕ್ತಾ ಇದೆ. 'ಕೈ ತೆಗಿ.' ಹೇಳ್ತಿರೋರು ಯಾರು? ಊರ ಗೌಡನಲ್ಲ, ನಮ್ಮ ಅವ್ವನೇ. ಅವಳನ್ನು ಬೈಯೋಕೆ ಹೇಳ್ತಿಲ್ಲ. ಕೂಸು ಮುಟ್ಟಿದರೆ ಏಟು ಯಾರಿಗೆ ಬೀಳ್ತದೆ, ಕೂಲಿ ಯಾರಿಗೆ ತಪ್ತದೆ ಅಂತ ಅವಳಿಗೆ ಗೊತ್ತು. ಕೂಸಿನ ಜೀವ ಉಳಿಸೋಕೆ ಕೂಸಿನ ಕೈ ಹಿಡೀತಾಳೆ. ಹಾಗೆ ದಿನಕ್ಕೆ ಹತ್ತು ಸಲ ಹಿಡಿದ ಕೈ, ನಾಲ್ಕು ವರ್ಷದ ಹೊತ್ತಿಗೆ ತಾನೇ ಚಾಚೋದು ಬಿಟ್ಟಿರ್ತದೆ. ಆಮೇಲೆ ಒಂದನೇ ಕ್ಲಾಸಿನ ಮೇಷ್ಟರು ಅಂತಾರೆ, 'ಈ ಹುಡುಗ ಏನೂ ಪ್ರಶ್ನೆ ಕೇಳಲ್ಲ, ಮಂಕು.'

ಇದು ನಮ್ಮ ಕಲ್ಪನೆ ಅನ್ನೋರಿಗೆ ಒಂದು ಊರಿನ ಹೆಸರು ಹೇಳ್ತೀವಿ. ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಮಿಯಾಪುರ. 2021ರ ಸೆಪ್ಟೆಂಬರ್. ಒಬ್ಬ ದಲಿತ ತಂದೆ ಮಗನ ಹುಟ್ಟುಹಬ್ಬ ಅಂತ ಹನುಮಂತನ ಗುಡಿಯ ಹೊರಗೆ ನಿಂತು ಕೈ ಮುಗಿಸೋಕೆ ಕರಕೊಂಡು ಹೋದ. ಶಾಲೆಯ ಮುಖ ಇನ್ನೂ ನೋಡದ ಕಂದ. ಮಳೆ ಬಂತು, ಕೂಸು ಗುಡಿಯೊಳಕ್ಕೆ ಓಡಿತು. ಅಷ್ಟೇ. ಗುಡಿ ಶುದ್ಧಿಗೆ ಅಂತ 25,000 ರೂಪಾಯಿ ದಂಡ ಹೇಳಿದರು. ಸುದ್ದಿ ಹೊರಬಿದ್ದ ಮೇಲೆ ಪೊಲೀಸರು ಕೇಸು ಮಾಡಿ ಬಂಧಿಸಿದರು, ಅದು ಬೇರೆ ಮಾತು. ಆ ಕೂಸು ಮಾಡಿದ್ದೇನು? ಮಳೆಗೆ ಮರೆ ಎಲ್ಲಿದೆ ಅಂತ ನೋಡಿತು, ತಾನೇ ತೀರ್ಮಾನ ಮಾಡಿತು, ಕಾಲು ಹಾಕಿತು. ನೋಡೋದು, ತೀರ್ಮಾನಿಸೋದು, ಮಾಡೋದು. ಇದನ್ನೇ ಬುದ್ಧಿ ಅನ್ನೋದು. ಅದಕ್ಕೆ 25,000 ದಂಡ.

ಬಾಬಾಸಾಹೇಬರು ಸಾತಾರದ ಶಾಲೆಯಲ್ಲಿದ್ದಾಗ ಬೇರೆ ಮಕ್ಕಳು ತಾವೇ ನಲ್ಲಿ ತಿರುಗಿಸಿ ನೀರು ಕುಡಿಯಬಹುದಿತ್ತು. ಇವರು ನಲ್ಲಿ ಮುಟ್ಟೋ ಹಾಗಿರಲಿಲ್ಲ. ಜವಾನ ಬಂದು ತಿರುಗಿಸಿದರೆ ನೀರು, ಜವಾನ ಬರದಿದ್ದರೆ ಬಾಯಾರಿಕೆ. ಕೂರೋಕೆ ಮನೆಯಿಂದ ತಂದ ಗೋಣಿತಟ್ಟು. ಈ ಕತೆಯನ್ನು ನಾವೆಲ್ಲ ಭಾಷಣದಲ್ಲಿ ಹೇಳಿ ಹೇಳಿ ಸವೆಸಿದ್ದೀವಿ. ಆ ಹುಡುಗ ಅಂಬೇಡ್ಕರ್ ಆದರಲ್ಲ, ನೀವೂ ಆಗಿ ಅಂತ ಮುಗಿಸಿಬಿಡ್ತೀವಿ. ಅದೇ ಕಾಲದಲ್ಲಿ ಅದೇ ಗೋಣಿತಟ್ಟಿನ ಮೇಲೆ ಕೂತು ಅಂಬೇಡ್ಕರ್ ಆಗದೆ ಉಳಿದವರ ಲೆಕ್ಕ ಯಾರಿಟ್ಟರು?

ನಮ್ಮ ಸಿದ್ಧಲಿಂಗಯ್ಯನವರ ಆತ್ಮಕತೆ 'ಊರುಕೇರಿ' ಓದದವರು ಹಾಸ್ಟೆಲು ಲೈಬ್ರರಿಯಲ್ಲಿ ಕೇಳಿ ತಗೊಂಡು ಓದಿ. ಅದು ಶುರುವಾಗೋದೇ ಎಳೆವಯಸ್ಸಿನ ಒಂದು ನೋಟದಿಂದ. ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರು ನೊಗ ಹೊತ್ತು ಹೊಲ ಉಳ್ತಿದ್ದಾರೆ. ಅದರಲ್ಲಿ ಒಬ್ಬರು ಅವರ ಅಪ್ಪ. ಮಾಗಡಿ ಸೀಮೆ ಮಂಚನಬೆಲೆಯ ಆ ಪುಟ್ಟ ಹುಡುಗ ಆ ದಿನ ಏನೋ ಒಂದನ್ನು ಕಲಿತ. ಪಾಠ ಯಾರೂ ಹೇಳಿಕೊಡಲಿಲ್ಲ, ಕಣ್ಣೇ ಕಲಿಸಿತು. ಕೂಸಿಗೆ ಏನು ಗೊತ್ತಾಗ್ತದೆ ಬಿಡಿ ಅನ್ನೋರು ತಿಳೀಬೇಕು, ಕೂಸಿಗೆ ಎಲ್ಲಾ ಗೊತ್ತಾಗ್ತದೆ.

ಹೊರದೇಶದ ಮಾತು ಒಂದು. ಅಮೆರಿಕದಲ್ಲಿ ಕೆನೆತ್ ಕ್ಲಾರ್ಕ್, ಮೇಮಿ ಕ್ಲಾರ್ಕ್ ಅನ್ನೋ ಕರಿಯ ದಂಪತಿ 1940ರ ಸುಮಾರಿನಲ್ಲಿ ಮೂರರಿಂದ ಏಳು ವರ್ಷದ ಕರಿಯ ಮಕ್ಕಳ ಮುಂದೆ ಬಿಳಿ ಗೊಂಬೆ, ಕಂದು ಗೊಂಬೆ ಇಟ್ಟರು. ಯಾವುದು ಒಳ್ಳೇದು, ಯಾವುದರ ಜೊತೆ ಆಡ್ತೀಯ ಅಂದರೆ ಹೆಚ್ಚಿನ ಮಕ್ಕಳು ಬಿಳಿ ಗೊಂಬೆ ಎತ್ತಿಕೊಂಡವು. ನಿನ್ನ ಹಾಗಿರೋದು ಯಾವುದು ಅಂದಾಗ ಕೆಲವು ಅತ್ತವು. 1954ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಕರಿಯರಿಗೆ ಬೇರೆ ಶಾಲೆ, ಬಿಳಿಯರಿಗೆ ಬೇರೆ ಶಾಲೆ ಅನ್ನೋದನ್ನು ತಳ್ಳಿಹಾಕಿದಾಗ ಈ ಕೆಲಸವನ್ನೂ ಹೆಸರಿಸಿತು.

ನಮ್ಮ ದೇಶದ್ದು ಇನ್ನೂ ಹತ್ತಿರದ್ದು. ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞೆಯರು ಉತ್ತರ ಪ್ರದೇಶದ ಹಳ್ಳಿಗಾಡಿನಲ್ಲಿ ಆರು, ಏಳನೇ ಕ್ಲಾಸಿನ ಹುಡುಗರಿಗೆ ದಾರಿ ಹುಡುಕುವ ಒಗಟಿನ ಚಿತ್ರ ಕೊಟ್ಟರು. ಅದರ ವರದಿ 2004ರಲ್ಲಿ ಬಂತು. ಜಾತಿ ಹೇಳದೆ ಬಿಡಿಸಿ ಅಂದಾಗ ಮೇಲ್ಜಾತಿ ಹುಡುಗರಿಗೂ ದಲಿತ ಹುಡುಗರಿಗೂ ವ್ಯತ್ಯಾಸವೇ ಇರಲಿಲ್ಲ. ಇನ್ನೊಂದು ಗುಂಪಿನಲ್ಲಿ ಒಬ್ಬೊಬ್ಬರ ಹೆಸರು, ಅಪ್ಪನ ಹೆಸರು, ಜಾತಿ ಎಲ್ಲರ ಮುಂದೆ ಕೂಗಿ ಹೇಳಿ ಆಮೇಲೆ ಬಿಡಿಸಿ ಅಂದರು. ದಲಿತ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಕುಸಿದುಬಿತ್ತು. ಐದು ನಿಮಿಷದ ಹಿಂದೆ ಇದ್ದ ಬುದ್ಧಿ ಎಲ್ಲಿ ಹೋಯಿತು? ಎಲ್ಲೂ ಹೋಗಲಿಲ್ಲ. ಕೈ ಹಿಂದಕ್ಕೆ ಬಂತು. ಅವ್ವ ಹಿಡಿದ ಆ ಕೈ ನೆನಪಾಗಿ ಹಿಂದಕ್ಕೆ ಬಂತು ಅಂತ ನಾವು ಅಂದುಕೊಳ್ತೀವಿ. ಅವರು ವರದಿಯಲ್ಲಿ ಹಾಗೆ ಬರೆದಿಲ್ಲ, ಇದು ನಮ್ಮ ಅರ್ಥ. 'ತಲೆಗೆ ಹತ್ತಲ್ಲ ಸಾರ್' ಅನ್ನೋ ಗೆಳೆಯರು ಈ ಒಂದನ್ನು ಬರೆದಿಟ್ಟುಕೊಳ್ಳಿ.

ಹಾಗಾದರೆ ಐದು ವರ್ಷಕ್ಕೆ ಬಾಗಿಲು ಮುಚ್ಚಿತಾ, ನಮ್ಮ ಕತೆ ಮುಗೀತಾ ಅಂತ ಯಾರೂ ಹೆದರಬೇಡಿ. ಮೊದಲ ವರ್ಷಗಳು ಸುಲಭದ ವರ್ಷಗಳು, ಅಷ್ಟೇ. ಮಿದುಳು ನಿಮ್ಮ ವಯಸ್ಸಿನಲ್ಲೂ ಬದಲಾಗ್ತಾ ಇರ್ತದೆ, ಇಪ್ಪತ್ತು ದಾಟಿದ ಮೇಲೂ. ತಡವಾಗಿ ಕಲಿಯೋದಕ್ಕೆ ಹೆಚ್ಚು ಬೆವರು ಬೇಕು. ಬೆವರು ನಮಗೆ ಹೊಸದಲ್ಲ.

ಮಾತಿನ ವಿಷಯಕ್ಕೆ ಬರೋಣ. ಕೂಸಿನ ಜೊತೆ ಮಾತಾಡಿದಷ್ಟೂ ಅದರ ಬುದ್ಧಿ ಬೆಳೀತದೆ, ಅದಕ್ಕೆ ಅರ್ಥ ಆಗದಿದ್ದರೂ. ಇದನ್ನು ಎಲ್ಲಾ ಪಂಡಿತರೂ ಒಪ್ತಾರೆ. ಆದರೆ ಕೆಲವರು ಇದರ ಜೊತೆಗೆ, ಬಡವರ ಮನೆಯಲ್ಲಿ ಮಾತು ಕಡಿಮೆ, ಪದ ಕಡಿಮೆ ಅಂತ ಬಾಲ ಸೇರಿಸ್ತಾರೆ. ಪದ ಕಡಿಮೆ? ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರಕ್ಕೆ ಹೋಗಿ ಮಂಟೇಸ್ವಾಮಿ ಕತೆ ಹೇಳುವ ನೀಲಗಾರರ ಮುಂದೆ ಒಂದು ರಾತ್ರಿ ಕೂತು ನೋಡಿ. ಅಕ್ಷರ ಕಲಿಯದ ಮನುಷ್ಯ ತಂಬೂರಿ ಹಿಡಿದು ಬೆಳಗಿನ ತನಕ ಒಂದು ಮಹಾಕಾವ್ಯವನ್ನೇ ಬಾಯಲ್ಲಿ ಇಳಿಸ್ತಾನೆ. ಅವನ ಮುಂದೆ ಚಾಪೆ ಮೇಲೆ ಅವ್ವನ ತೊಡೆಯಲ್ಲಿ ಮಲಗಿ ಅರೆನಿದ್ದೆಯಲ್ಲಿ ಕೇಳಿಸಿಕೊಳ್ಳೋ ಕೂಸಿಗೆ ಸಿಕ್ಕ ಪದ, ನೆನಪು, ಲಯ ಯಾವ ಇಂಗ್ಲಿಷ್ ನರ್ಸರಿಯಲ್ಲಿ ಸಿಗ್ತದೆ? ನಮ್ಮ ಕೇರಿಗೆ ಮಾತಿನ ಬಡತನ ಇಲ್ಲ.

ಕೇರಿಗೆ ಇರೋದು ಹೊತ್ತಿನ ಬಡತನ. ಹನ್ನೆರಡು ಗಂಟೆ ಕಬ್ಬು ಕಡಿದು, ಆಲೆಮನೆಯ ಒಲೆ ಮುಂದೆ ಬೆಂದು ಬಂದವರಿಗೆ ಕೂಸಿನ ಜೊತೆ ಆಡೋಕೆ ಜೀವ ಎಲ್ಲಿರ್ತದೆ? ಕತೆ ಹೇಳುವ ಅಜ್ಜಿಯ ಜಾಗಕ್ಕೆ ಮೊಬೈಲು ಬಂದು ಕೂತಿದೆ. ಎರಡು ವರ್ಷದೊಳಗಿನ ಕೂಸಿಗೆ ಪರದೆ ತೋರಿಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಮೊಬೈಲು ಮಾತಾಡ್ತದೆ, ಆದರೆ ಕೂಸು ಮಾತಾಡಿದರೆ ತಿರುಗಿ ಉತ್ತರ ಕೊಡಲ್ಲ. ಇನ್ನೊಂದು ಮಾತನ್ನೂ ಹೇಳಲೇಬೇಕು, ಕೆಲವರಿಗೆ ಕೋಪ ಬರ್ತದೆ. ಸಾರಾಯಿ ಹೋಗಿ ಪ್ಯಾಕೆಟ್ಟು ಬಂದಿದೆ, ಕುಡಿದು ಬಂದು ಅವ್ವನನ್ನು ಬಡಿಯೋದು ನಿಂತಿಲ್ಲ. ಮೂಲೆಯಲ್ಲಿ ಮುದುರಿ ಕೂತು ನೋಡೋ ಕೂಸಿನ ಮೈಯೆಲ್ಲ ಗಾಬರಿಯ ಗಂಟೆ ಬಾರಿಸ್ತಿರ್ತದೆ. ದಿನಾ ಗಾಬರಿಯಲ್ಲಿರೋ ಮಿದುಳು ಕಾವಲು ಕಾಯ್ತದೆ, ಕಲಿಯಲ್ಲ. ಇದಕ್ಕೆ ಊರಿನವರನ್ನು ಬೈದು ನಾವು ಪಾರಾಗೋ ಹಾಗಿಲ್ಲ.

ಜಮೈಕಾ ಅನ್ನೋದು ಗುಲಾಮರಾಗಿ ಸಾಗಿಸಿದ ಕರಿಯರ ಮೊಮ್ಮಕ್ಕಳ ದ್ವೀಪ. ಅಲ್ಲಿ 1986-87ರಲ್ಲಿ ಸ್ಯಾಲಿ ಗ್ರಾಂಥಮ್ ಮೆಕ್‌ಗ್ರೆಗರ್ ಅನ್ನೋ ವೈದ್ಯೆ ಮತ್ತು ಸಂಗಡಿಗರು ಬಡ ಕೇರಿಗಳಲ್ಲಿ ಎತ್ತರ ಕುಂದಿದ 129 ಕೂಸುಗಳನ್ನು ಆರಿಸಿದರು. ಒಂಬತ್ತು ತಿಂಗಳಿಂದ ಎರಡು ವರ್ಷದೊಳಗಿನವು. ಕೆಲವಕ್ಕೆ ಹಾಲುಪುಡಿಯ ಪೌಷ್ಟಿಕ ಆಹಾರ ಕೊಟ್ಟರು. ಕೆಲವರ ಮನೆಗೆ ಅಲ್ಲಿಯ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೆ ಒಂದು ಗಂಟೆ ಹೋಗಿ, ಖಾಲಿ ಬಾಟಲಿ, ರಟ್ಟಿನ ಡಬ್ಬಿಗಳಿಂದ ಮಾಡಿದ ಆಟಿಕೆ ಹಿಡಿದು, ಅವ್ವನಿಗೆ ಕೂಸಿನ ಜೊತೆ ಆಡೋದನ್ನು, ಮಾತಾಡೋದನ್ನು ತೋರಿಸಿದರು. ಎರಡು ವರ್ಷ, ಅಷ್ಟೇ. ಇಪ್ಪತ್ತು ವರ್ಷದ ಮೇಲೆ ಹುಡುಕಿ ನೋಡಿದರೆ, ಆಟ ಸಿಕ್ಕಿದ್ದ ಮಕ್ಕಳ ಸಂಪಾದನೆ ಸಿಗದಿದ್ದವರಿಗಿಂತ ನೂರಕ್ಕೆ 25ರಷ್ಟು ಹೆಚ್ಚಿತ್ತು. ಬರೀ ಆಹಾರ ಸಿಕ್ಕವರಲ್ಲಿ ಅಷ್ಟು ದೂರ ಬಂದ ಫಲ ಕಾಣಲಿಲ್ಲ. ಇದರ ಅರ್ಥ ಊಟ ಬೇಡ ಅಂತಲ್ಲ. ಊಟದ ಜೊತೆಗೆ ಆಟ, ಮಾತು ಇರಲಿ ಅಂತ.

ವಾರಕ್ಕೆ ಒಂದು ಗಂಟೆ. ನೀವು ಹಾಸ್ಟೆಲಿನಿಂದ ರಜಕ್ಕೆ ಊರಿಗೆ ಹೋದಾಗ ಏನು ಮಾಡ್ತೀರಿ? ಹೊಸ ಪ್ಯಾಂಟು ಹಾಕಿಕೊಂಡು ಬಸ್‌ಸ್ಟಾಂಡಿನಲ್ಲಿ ನಿಂತಿರ್ತೀರಿ. ನಾವೂ ನಿಂತಿದ್ದೆವು. ಕೇರಿಯಲ್ಲಿ ಓದು ಬಲ್ಲವರು, ಹೊತ್ತು ಇರೋರು ನೀವೊಬ್ಬರೇ. ಅಕ್ಕನ ಕಂಕುಳಿಂದ ಆ ಕೂಸನ್ನು ಇಳಿಸಿಕೊಳ್ಳಿ. ಮಣ್ಣು, ಕಡ್ಡಿ, ಹುಣಸೆ ಬೀಜ, ತೆಂಗಿನ ಚಿಪ್ಪು ಮುಂದಿಡಿ. ನುಂಗದ ಹಾಗೆ ನೋಡಿಕೊಳ್ಳಿ. ಅದು ತೋರಿಸಿದ್ದಕ್ಕೆಲ್ಲ ಹೆಸರು ಹೇಳಿ, ಅದು ಕೇಳಿದ್ದಕ್ಕೆಲ್ಲ ಉತ್ತರ ಕೊಡಿ. ಅಷ್ಟು ಹೊತ್ತು ಅಕ್ಕ ಸ್ಲೇಟು ಹಿಡೀಲಿ.

ಇನ್ನು ಸರ್ಕಾರದ ಪಾಲು. ಅಂಗನವಾಡಿ ಯೋಜನೆ ದೇಶದಲ್ಲಿ ಶುರುವಾದದ್ದು 1975ರ ಅಕ್ಟೋಬರ್ 2ರಂದು, 33 ಕಡೆ. ಕರ್ನಾಟಕದಲ್ಲಿ ಮೊದಲು ಬಂದದ್ದು ಇಲ್ಲೇ ಪಕ್ಕದಲ್ಲಿ, ಟಿ. ನರಸೀಪುರಕ್ಕೆ. ಅಂಗನವಾಡಿ ಅನ್ನೋ ಮಾತಿನ ಹಿಂದೆ ಮಹಾರಾಷ್ಟ್ರದ ತಾರಾಬಾಯಿ ಮೋಡಕ್, ಅನುತಾಯಿ ವಾಘ್ ಇದ್ದಾರೆ. ಬಡವರ, ಅಸ್ಪೃಶ್ಯರ ಮಕ್ಕಳು ಬಾಲವಾಡಿಗೆ ಬರದಿದ್ದಾಗ ಅವರು ಬಾಲವಾಡಿಯನ್ನೇ ಆ ಮಕ್ಕಳ ಅಂಗಳಕ್ಕೆ ತಗೊಂಡು ಹೋದರು. ಅಂಗಳದ ಶಾಲೆ, ಅದೇ ಅಂಗನವಾಡಿ. ನಾವು ಕೇಳಬೇಕಾದ್ದು, ಈಗ ಅದು ಯಾರ ಅಂಗಳದಲ್ಲಿದೆ?

ನಮ್ಮಲ್ಲೊಬ್ಬರು ಕಂಡ ಒಂದು ಅಂಗನವಾಡಿ, ಊರ ಹೆಸರು ಬೇಡ. ಇರೋದು ಊರೊಳಗೆ. ಕೇರಿಯ ಮಕ್ಕಳು ಬಾಗಿಲ ಹತ್ತಿರ ಕೂರ್ತವೆ, ಯಾರೂ ಕೂರು ಅಂದಿಲ್ಲ, ತಾವೇ ಕೂರ್ತವೆ. ಆಟದ ಸಾಮಾನು ಬೀರುವಿನ ಮೇಲೆ ಪ್ಲಾಸ್ಟಿಕ್ ಕವರಿನಲ್ಲೇ ಇದೆ. ಕೇಳಿದರೆ, 'ಮಕ್ಕಳು ಮುಟ್ಟಿ ಹಾಳು ಮಾಡ್ತವೆ, ಇನ್ಸ್‌ಪೆಕ್ಷನ್ನಿಗೆ ಬೇಕು.' ಆ ಹೆಣ್ಣುಮಗಳ ಮೇಲೆ ಸಿಟ್ಟು ಮಾಡಿಕೊಂಡು ಫಲ ಇಲ್ಲ. ಸಂಬಳ ಅಲ್ಲ, ಗೌರವಧನ. ಅಡುಗೆ, ತೂಕ, ರಿಜಿಸ್ಟರು, ಮೊಬೈಲಿನಲ್ಲಿ ಲೆಕ್ಕ, ಸರ್ವೆ, ಚುನಾವಣೆ ಕೆಲಸ ಎಲ್ಲಾ ಅವಳ ತಲೆ ಮೇಲೆ. ಆಟ ಆಡಿಸೋಕೆ ಹೊತ್ತು ಎಲ್ಲಿ? 2017ರಿಂದ ಬಸುರಿ ಬಾಣಂತಿಯರಿಗೆ ಮಾತೃಪೂರ್ಣದ ಬಿಸಿ ಊಟ ಬಂತು. ಒಳ್ಳೇದು. ಆದರೆ ಕೂಲಿ ಬಿಟ್ಟು ಮಧ್ಯಾಹ್ನ ಊರೊಳಕ್ಕೆ ಹೋಗಿ ಉಣ್ಣು ಅಂದರೆ ನಮ್ಮ ಹೆಣ್ಣುಮಕ್ಕಳು ಎಷ್ಟು ಜನ ಹೋಗ್ತಾರೆ? 2023-24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯತಿಗಳಲ್ಲಿ ಕೂಲಿ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗೆ 'ಕೂಸಿನ ಮನೆ' ಅಂತ ಹೇಳಿದರು. ನಿಮ್ಮ ಪಂಚಾಯತಿಯಲ್ಲಿ ಅದು ಇದೆಯಾ, ಬೀಗ ತೆಗೀತಾರಾ, ಹೋಗಿ ನೋಡಿ.

ಸಂವಿಧಾನದ ಒಂದು ವಿಷಯವನ್ನು ಕಾನೂನು ಓದೋ ಗೆಳೆಯರು ಗಮನಿಸಬೇಕು. 45ನೇ ವಿಧಿ ಮೊದಲು ಇದ್ದದ್ದು, ಹತ್ತು ವರ್ಷದೊಳಗೆ 14 ವರ್ಷದ ತನಕದ ಎಲ್ಲಾ ಮಕ್ಕಳಿಗೆ ಉಚಿತ ಕಡ್ಡಾಯ ಶಿಕ್ಷಣ ಕೊಡಲು ಪ್ರಭುತ್ವ ಯತ್ನಿಸಬೇಕು ಅಂತ. 14ರ ತನಕ ಅಂದರೆ ಅದರಲ್ಲಿ ಆರು ವರ್ಷದೊಳಗಿನವರೂ ಸೇರಿದ್ದರು. 2002ರಲ್ಲಿ 86ನೇ ತಿದ್ದುಪಡಿ ಬಂತು. ಆರರಿಂದ 14ರವರಿಗೆ ಶಿಕ್ಷಣ ಮೂಲಭೂತ ಹಕ್ಕಾಯಿತು, ಎಲ್ಲರೂ ಚಪ್ಪಾಳೆ ತಟ್ಟಿದೆವು. ಆರರೊಳಗಿನವರನ್ನು ಹಕ್ಕಿನಿಂದ ಹೊರಗಿಟ್ಟು, ಸರ್ಕಾರ ಪ್ರಯತ್ನ ಮಾಡ್ತದೆ ಅಂತ 45ನೇ ವಿಧಿಯಲ್ಲಿ ಉಳಿಸಿದರು. ಮಿದುಳು ಕಟ್ಟುವ ವರ್ಷಗಳೇ ಹಕ್ಕಿನ ಹೊರಗೆ ಬಿದ್ದವು. ಚಪ್ಪಾಳೆಯ ಸದ್ದಿನಲ್ಲಿ ನಮಗೂ ಗೊತ್ತಾಗಲಿಲ್ಲ.

ಆದರೂ ಹಿಡಿಯೋಕೆ ಒಂದು ಹಗ್ಗ ಇದೆ. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ 2006ರ ಡಿಸೆಂಬರ್ 13ರಂದು ಸುಪ್ರೀಂ ಕೋರ್ಟು ಹೇಳಿದ್ದು: ಹೊಸ ಅಂಗನವಾಡಿ ತೆರೆಯುವಾಗ ಪರಿಶಿಷ್ಟ ಜಾತಿ, ಪಂಗಡದ ಕೇರಿಗಳಿಗೆ ಮೊದಲ ಆದ್ಯತೆ. ಒಂದು ವಸತಿಯಲ್ಲಿ ಆರು ವರ್ಷದೊಳಗಿನ 40 ಮಕ್ಕಳಿದ್ದು ಅಂಗನವಾಡಿ ಇಲ್ಲದಿದ್ದರೆ, ಅಲ್ಲಿಯ ಜನ ಕೇಳಿದ ಮೂರು ತಿಂಗಳೊಳಗೆ ಕೊಡಬೇಕು. ಆ ಮೊಕದ್ದಮೆ 2017ರಲ್ಲಿ ಮುಗಿಯಿತು. 2013ರ ಆಹಾರ ಭದ್ರತಾ ಕಾಯ್ದೆ ಆರು ತಿಂಗಳಿಂದ ಆರು ವರ್ಷದ ಮಕ್ಕಳ ಅಂಗನವಾಡಿ ಊಟವನ್ನು ಹಕ್ಕು ಮಾಡಿದೆ. ಕೊಡಿ ಅಂತ ಕೇಳೋದಕ್ಕೆ ಇವು ಸಾಕು. ಕೇಳೋದಕ್ಕೆ ಮೊದಲು ಎಣಿಸಬೇಕು. ನಿಮ್ಮ ಕೇರಿಯಲ್ಲಿ ಆರು ವರ್ಷದೊಳಗಿನ ಕೂಸುಗಳು ಎಷ್ಟಿವೆ ಅಂತ ಈಗ ಕೈ ಎತ್ತಿ ಹೇಳಿ ಅಂದರೆ ಒಬ್ಬರೂ ಎತ್ತಲ್ಲ. ಚುನಾವಣೆ ಬಂದರೆ ಯಾವ ಮನೆಯಲ್ಲಿ ಎಷ್ಟು ಓಟು ಅಂತ ಬಾಯಿಪಾಠ ಹೇಳ್ತೀರಿ.

ಬಾಗಿಲ ಹತ್ತಿರ ಮೇಜಿನ ಮೇಲೆ ಹಾಳೆಗಳಿವೆ. ಕೂಸಿನ ವಯಸ್ಸು, ಅಂಗನವಾಡಿಗೆ ಹೋಗ್ತದಾ ಇಲ್ಲವಾ, ಮನೆಯಿಂದ ಅಂಗನವಾಡಿ ಎಷ್ಟು ದೂರ, ಕೂಸನ್ನು ಹಗಲು ಯಾರು ನೋಡಿಕೊಳ್ತಾರೆ, ಇಷ್ಟೇ ಕಲಂ. ಕೂಸಿನ ಹೆಸರು ಬೇಡ. ತಲೆಗೆ ಒಂದು ಹಾಳೆ ತಗೊಳ್ಳಿ, ಯುಗಾದಿಗೆ ಊರಿಗೆ ಹೋದಾಗ ತುಂಬಿಸಿ ತನ್ನಿ. ಬರೆಯೋಕೆ ಬಾರದ ಕಡೆ ಅಕ್ಕನ ಕೈಯಲ್ಲಿ ಬರೆಸಿ.